ಒಳಮಗ್ಗುಲಿನ ಕುದುರೆಗಳು

ಫೆಬ್ರವರಿ ೯

ಮೊಲವೇ,

ನಾನು ಬದುಕಿದ್ದೇನೆ ಎಂದು ಮೊದಲು ಅಜ್ಜಿಗೆ ಓದಿ ಹೇಳು. ಹಡಗು ಮುಳುಗಲಿಲ್ಲ, ರೈಲು ತಪ್ಪಲಿಲ್ಲ, ನನ್ನನ್ನು ಯಾರೂ ಹೊತ್ತುಕೊಂಡು ಹೋಗಲಿಲ್ಲ. ಅಜ್ಜಿ ಹೆಣೆದುಕೊಟ್ಟ ಉಣ್ಣೆಯ ಟೋಪಿ ಮಾತ್ರ ಗಾಳಿಗೆ ಹಾರಿ ಸಮುದ್ರದ ಪಾಲಾಯಿತು. ಈ ಸಾಲನ್ನು ಓದಬೇಡ.

ಹನ್ನೆರಡು ಕುದುರೆಗಳೂ ಪೆಟ್ಟಿಗೆಯೊಳಗೆ ಕ್ಷೇಮ. ರೈಲು ನಿಂತಾಗಲೆಲ್ಲ ನಾನು ಕೊನೆಯ ಡಬ್ಬಿಗೆ ಓಡಿ ಪೆಟ್ಟಿಗೆಗಳನ್ನು ತಟ್ಟಿ ಬರುತ್ತಿದ್ದೆ. ಟಿಕೆಟ್ ನೋಡುವವನಿಗೆ ಗುಮಾನಿ ಬಂತು. ಒಳಗೆ ಏನಿದೆ ಎಂದು ಕೈಯಲ್ಲೇ ಕೇಳಿದ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ನಾನು ಪ್ಲಾಟ್‌ಫಾರಂ ಮೇಲೆ ನಿಂತು ಜೋರಾಗಿ ಕೆನೆದು, ನಾಲ್ಕು ಹೆಜ್ಜೆ ಕುದುರೆಯ ಹಾಗೆ ಕುಣಿದೆ. ಅವನು ಹೆದರಿ ಇನ್ನಿಬ್ಬರನ್ನು ಕರೆತಂದ. ಹಲಗೆ ಸಂದಿಯಿಂದ ಒಂದು ಮರದ ಗೊರಸು ತೋರಿಸಿದ ಮೇಲೆ ಮೂವರೂ ಸೇರಿ ನನಗಿಂತ ಚೆನ್ನಾಗಿ ಕೆನೆದರು. ರೈಲು ಹೊರಟರೂ ಕೆನೆಯುತ್ತಲೇ ಇದ್ದರು.

ನನ್ನ ಬಾಡಿಗೆ ಕೋಣೆ ಮೂರನೆಯ ಮಹಡಿಯಲ್ಲಿದೆ. ಬೀಗದ ಕೈಯನ್ನು ಇಲ್ಲಿ ಎಡಕ್ಕೆ ತಿರುಗಿಸಬೇಕು. ಇದು ತಿಳಿಯುವ ಮೊದಲು ಬಾಗಿಲ ಹೊರಗೆ ಅರ್ಧ ಸಂಜೆ ಕಳೆದೆ. ಬಿಸಿನೀರು ಬರಬೇಕಾದ ನಲ್ಲಿಯಲ್ಲಿ ತಣ್ಣೀರು ಬರುತ್ತದೆ. ಬಸ್ಸು ಬರುವ ಕಡೆ ಬಿಟ್ಟು ಬಾರದ ಕಡೆ ನೋಡುತ್ತ ನಿಂತಿರುತ್ತೇನೆ. ಈ ದೇಶವನ್ನು ಯಾರೋ ಕನ್ನಡಿಯಲ್ಲಿ ನೋಡಿಕೊಂಡು ಕಟ್ಟಿದ್ದಾರೆ.

ನಾಳೆಯಿಂದ ಇಲ್ಲಿಯ ಉದ್ಯಾನದಲ್ಲಿ ಮಕ್ಕಳು ಕೂತು ಸುತ್ತುವ ಗಿರಗಿಟ್ಲೆಗೆ ಕುದುರೆ ಕೂರಿಸುವ ಕೆಲಸ. ಎಂಥಾ ಉಳಿಗೆಲಸ ಎಂದು ಈ ಊರು ಬೆರಗಾಗಬೇಕು ಎಂದು ಅಣ್ಣನಿಗೆ ಹೇಳು. ಅವನು 'ಹ್ಞೂಂ' ಅನ್ನುತ್ತಾನೆ. ಅಷ್ಟು ಸಾಕು.

ನಿನ್ನ ಚಿಕ್ಕಪ್ಪ

ಫೆಬ್ರವರಿ ೨೭

ಚಿಕ್ಕಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದುವಾಗ ಟೋಪಿಯ ಸಾಲನ್ನು ಬಿಟ್ಟೆ. ಆದರೆ ಬಿಡುವ ಮುಂಚೆ ಸ್ವಲ್ಪ ತಡೆದೆ. ಅಜ್ಜಿ ಬಟ್ಟೆ ಹಿಂಡುವುದನ್ನು ನಿಲ್ಲಿಸಿ, "ಟೋಪಿ ಕಳ್ದ ತಾನೆ?" ಎಂದಳು. ಹೊಸದು ಹೆಣೆಯಲು ಕೂತಿದ್ದಾಳೆ. ಈ ಸಲ ಗಲ್ಲದ ಕೆಳಗೆ ಕಟ್ಟುವ ದಾರವೂ ಇರುತ್ತದಂತೆ.

ಅಪ್ಪ 'ಹ್ಞೂಂ' ಅಂದರು. ಎರಡು ಸಲ.

ಒಂದು ಮಾತು ಕೇಳಬೇಕು. ಪೆಟ್ಟಿಗೆ ತೆರೆದಾಗ ಒಳಮಗ್ಗುಲನ್ನು ನೋಡಬೇಡಿ. ನಾನು ಹೊದಿಸಿದ ಗೋಣಿಯ ಸಮೇತ ಗಿರಗಿಟ್ಲೆಯ ನಡುವಿನ ಕಂಬದ ಕಡೆಗೆ ಮಾಡಿ ಕೂರಿಸಿಬಿಡಿ. ಆಮೇಲೆ ಕಣ್ಣುಮುಚ್ಚಿ ಗೋಣಿ ಎಳೆದರೆ ಆಯಿತು.

ನಾನು ಕಾರ್ಖಾನೆಗೆ ಬಂದ ಮೊದಲ ದಿನ ನೀವು ಹೇಳಿದ್ದು ನೆನಪಿದೆಯೇ? ಅಪ್ಪ ಕೆತ್ತಿದ ಕುದುರೆಯನ್ನು ನನ್ನ ಮುಂದೆ ನಿಲ್ಲಿಸಿ, "ನೋಡು, ಜನರಿಗೆ ಕಾಣೋ ಈ ಹೊರಮಗ್ಗುಲು ನಂದು. ಚಿನ್ನದ ಹೂವು, ಕನ್ನಡಿ ಚೂರು, ಎಲ್ಲ ಇಲ್ಲೇ. ಕಂಬದ ಕಡೆಗಿರೋ ಮಗ್ಗುಲು ನಿಂದು. ಕೆಂಪು ಬಳಿ, ಕಪ್ಪು ಬಳಿ, ನಿಮ್ಮಜ್ಜಿ ಮೂಗು ಬೇಕಾದ್ರೂ ಬರಿ. ಯಾರ ಕಣ್ಣಿಗೂ ಬೀಳಲ್ಲ" ಎಂದಿರಿ. ಹಾಜರಿ ಕೂಗಿದರೆ ದನಿ ಹೊರಡದೆ ಶಾಲೆ ಬಿಟ್ಟವಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೇನು ಬೇಕು? ನೋಡುವವರಿಲ್ಲ ಎಂಬ ಧೈರ್ಯದ ಮೇಲೆಯೇ ಇಷ್ಟು ದಿನ ಖುಷಿಯಾಗಿ ಬಳಿದಿದ್ದೇನೆ. ಆ ಧೈರ್ಯ ಕೆಡಿಸಬೇಡಿ.

ನಿಮ್ಮ ಮೊಲ

ಮಾರ್ಚ್ ೧೮

ಮೊಲವೇ,

ಇಲ್ಲಿ ಹವೆ ಚೆನ್ನಾಗಿದೆ. ನಿನ್ನೆಯೂ ಚೆನ್ನಾಗಿತ್ತು. ನಾಳೆಯೂ ಚೆನ್ನಾಗಿರುವ ಲಕ್ಷಣವಿದೆ.

ಪಾರಿವಾಳಗಳು ಬಹಳ. ಬೆಂಚಿನ ಮೇಲೆ ಕೂತರೆ ಬೂಟಿನ ದಾರ ಎಳೆಯುತ್ತವೆ. ನಿನ್ನೆ ಕೋಣೆಗೆ ಹೋಗುವ ಬೀದಿ ತಪ್ಪಿ, ಎಲ್ಲ ಮನೆಗಳಿಗೂ ಒಂದೇ ಹಸಿರು ಬಾಗಿಲಿರುವ ಓಣಿಗೆ ಬಿದ್ದೆ. ಮೂರು ಬಾಗಿಲಿಗೆ ನನ್ನ ಬೀಗದ ಕೈ ಹಾಕಿ ನೋಡಿದೆ. ಮೂರನೆಯ ಮನೆಯವರು ಒಳಗೆ ಕರೆದು ಸೂಪು ಕೊಟ್ಟು, ಕೈಹಿಡಿದು ನನ್ನ ಬೀದಿಯ ತನಕ ಬಿಟ್ಟುಹೋದರು. ಕಳ್ಳನಿಗೆ ಇಷ್ಟು ಉಪಚಾರವಾದರೆ ನೆಂಟನಿಗೆ ಎಷ್ಟಿರಬೇಡ.

ಅಂದಹಾಗೆ, ಒಳಮಗ್ಗುಲಿಗೆ ನೀನು ವಾರ್ನಿಷ್ ಎಷ್ಟು ಕೋಟ್ ಹೊಡೆದಿದ್ದೀಯ? ಸುಮ್ಮನೆ ಕೇಳಿದೆ. ಆ ನೀಲಿ ಯಾವ ಡಬ್ಬದ್ದು? ಅದೂ ಸುಮ್ಮನೆ.

ಅಜ್ಜಿ ಈಗಲೂ ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ ಮಾಡುತ್ತಾಳೆಯೇ?

ಹವೆ ನಿಜವಾಗಿಯೂ ಚೆನ್ನಾಗಿದೆ.

ಚಿಕ್ಕಪ್ಪ

ಏಪ್ರಿಲ್ ೫

ಚಿಕ್ಕಪ್ಪನವರಿಗೆ,

ನೀವು ನೋಡಿಬಿಟ್ಟಿದ್ದೀರಿ. ನೋಡದಿದ್ದರೆ ನೀಲಿಯ ಮಾತು ಬರುತ್ತಿರಲಿಲ್ಲ, ಅಜ್ಜಿಯ ನಿದ್ದೆಯ ಮಾತೂ ಬರುತ್ತಿರಲಿಲ್ಲ. ನೀವೊಬ್ಬರೇ ನೋಡಿದ್ದರೆ ತಮಾಷೆ ಮಾಡಿ ಬರೆಯುತ್ತಿದ್ದಿರಿ. ಹವೆಯ ಬಗ್ಗೆ ನಾಲ್ಕು ಸಲ ಬರೆದಿದ್ದೀರಿ ಎಂದರೆ ಅಲ್ಲಿಯವರೂ ನೋಡಿದ್ದಾರೆ, ಬೈದಿದ್ದಾರೆ. "ಇದೇನಿದು, ಕುದುರೆ ಕೇಳಿದ್ರೆ ಬಟ್ಟೆ ಒಣಹಾಕೋ ತಂತಿ ಕಳಿಸಿದ್ದಾರೆ" ಎಂದಿರಬೇಕು.

ಮೇಲೆ ಬೇರೆ ಬಣ್ಣ ಹಿಡಿಯುತ್ತದೋ ಇಲ್ಲವೋ ತಿಳಿಯಲು ವಾರ್ನಿಷ್ ಕೇಳಿದ್ದೀರಿ. ಒಂದೇ ಕೋಟ್ ಹೊಡೆದದ್ದು. ಮರಳು ಕಾಗದ ಹಾಕಿ ಉಜ್ಜಿದರೆ ಬೇಗ ಏಳುತ್ತದೆ. ನೀಲಿ, ಕಿಟಕಿಯ ಬಳಿ ಇರುವ ಹಳೆಯ ಡಬ್ಬದ್ದು. ಅಳಿಸಿಬಿಡಿ ಚಿಕ್ಕಪ್ಪ. ನನಗೇನೂ ಬೇಜಾರಿಲ್ಲ. ಮುಂದಿನ ಕುದುರೆಗಳಿಗೆ ಒಂದೇ ಬಣ್ಣ ಬಳಿಯುತ್ತೇನೆ. ಅಪ್ಪ ಹೊಸದೊಂದನ್ನು ಕೆತ್ತಿ ಕೊಟ್ಟಿದ್ದಾರೆ, ಅದಕ್ಕೆ ಬೂದು ಬಳಿದು ಮುಗಿಸಿದೆ.

ಅಜ್ಜಿ ಪಕ್ಕದಲ್ಲಿ ಕೂತು ನನ್ನ ಕಣ್ಣು ಕೆಂಪಾಗಿರುವುದನ್ನೂ ಬರಿ ಎಂದು ಹಟ ಹಿಡಿದಿದ್ದಾಳೆ. ಅದನ್ನು ಬರೆಯುವುದಿಲ್ಲ.

ಏಪ್ರಿಲ್ ೨೨

ನನ್ನ ಮೊಲವೇ,

ಬೂದು ಬಳಿದ ಕುದುರೆಯ ಮುಂದೆ ನಿಂತು ಮೊದಲು ಅದರ ಕ್ಷಮೆ ಕೇಳು. ಆಮೇಲೆ ಕೂತು ಇದನ್ನು ಓದು. ಹವೆಯ ಕಾಗದ ಬರೆದವನಿಗೆ ಎರಡು ಬಿಗಿಯಬೇಕು. ನಡೆದದ್ದು ಹೀಗೆ.

ನಾನೂ ಇಲ್ಲಿಯ ಮೆಕ್ಯಾನಿಕ್ಕೂ ಸೇರಿ ಹನ್ನೆರಡು ಕುದುರೆಗಳನ್ನು ಗಿರಗಿಟ್ಲೆಯ ಕಂಬಿಗಳಿಗೆ ಕೂರಿಸಿದೆವು. ನನ್ನ ಹೊರಮಗ್ಗುಲು ಹೊರಗೆ, ನಿನ್ನದು ಗೋಣಿಯ ಸಮೇತ ಒಳಗೆ. ಯಜಮಾನಿ ಬಂದಳು. ಈ ಉದ್ಯಾನದ ಆಟಗಳೆಲ್ಲ ಅವಳವೇ. ಗಂಡಸರ ಕೋಟು ತೊಟ್ಟು, ಜೇಬಿನ ತುಂಬ ನಟ್ಟು ಬೋಲ್ಟು ತುಂಬಿಕೊಂಡು ಝಣಝಣ ಅನ್ನುತ್ತ ನಡೆಯುವ ದಪ್ಪ ಹೆಂಗಸು. ನಾನು ಮದುಮಗನ ಹಾಗೆ ತಲೆ ಬಾಚಿಕೊಂಡು ನಿಂತಿದ್ದೆ. ಅವಳು ಗುಂಡಿ ಒತ್ತಿದಳು.

ಹನ್ನೆರಡು ಕುದುರೆಗಳೂ ಬಾಲ ಮುಂದೆ ಮಾಡಿಕೊಂಡು ಹಿಂದು ಹಿಂದಕ್ಕೆ ಓಡಿದವು!

ನಮ್ಮಲ್ಲಿ ಗಿರಗಿಟ್ಲೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಇಲ್ಲಿ ಅದಕ್ಕೆ ಎದುರು. ಬೀಗ ಎದುರು ತಿರುಗುತ್ತದೆ, ಬಸ್ಸು ಎದುರಿನಿಂದ ಬರುತ್ತದೆ ಎಂದು ನಿನಗೆ ಕಾಗದ ಬರೆದ ಜಾಣ, ಗಿರಗಿಟ್ಲೆ ಮಾತ್ರ ನಮ್ಮನೆಯ ಹಾಗೆ ತಿರುಗುತ್ತದೆ ಎಂದು ನಂಬಿದ್ದ. ಯಜಮಾನಿ ನಕ್ಕು ನಕ್ಕು ಮೆಕ್ಯಾನಿಕ್ಕಿನ ಹೆಗಲು ಹಿಡಿದುಕೊಂಡಳು. ಮೋಟಾರನ್ನೇ ಎದುರು ತಿರುಗಿಸೋಣವೇ ಎಂದು ಕೈಯಲ್ಲಿ ಕೇಳಿದೆ. ಮೆಕ್ಯಾನಿಕ್ಕು ತನ್ನ ಹಲ್ಲು ತೋರಿಸಿ, ಒಂದೊಂದಾಗಿ ಉದುರುವುದನ್ನು ಅಭಿನಯಿಸಿದ. ಚಕ್ರದ ಹಲ್ಲು ಮುರಿಯುತ್ತದೆಂದು ಅರ್ಥ.

ಬೇರೆ ದಾರಿಯಿರಲಿಲ್ಲ. ಕುದುರೆಗಳನ್ನೇ ತಿರುಗಿಸಿದೆವು. ತಿರುಗಿಸಿದರೆ ಏನಾಗುತ್ತದೆಂದು ನಿನಗೆ ಹೇಳಬೇಕೆ? ನನ್ನ ಚಿನ್ನದ ಹೂವುಗಳು ಎಣ್ಣೆ ಮೆತ್ತಿದ ಕಂಬದ ಕಡೆಗೆ ಹೋದವು. ಜನರ ಕಡೆಗೆ ಬಂದದ್ದು ಹನ್ನೆರಡು ಗೋಣಿ. ನಾನು ಗೋಣಿ ತೆಗೆದೆ. ಕಣ್ಣುಮುಚ್ಚಲಿಲ್ಲ.

ಬಿಳಿಯ ಕುದುರೆಯ ಪಕ್ಕೆಯ ಮೇಲೆ ನಮ್ಮ ಹಿತ್ತಿಲು. ತಂತಿಯ ಮೇಲೆ ಬಟ್ಟೆ, ಬಟ್ಟೆಯಲ್ಲಿ ನನ್ನ ಬನಿಯನ್, ಬನಿಯನ್ನಿನಲ್ಲಿ ತೂತು! ಕರಿಯ ಕುದುರೆಯ ಮೇಲೆ ಎದುರು ಮನೆಯ ಹುಂಜ ಛಾವಣಿ ಹತ್ತಿ ಕೂತಿದೆ, ಕೆಳಗೆ ಅಣ್ಣ ಏಣಿ ಹಿಡಿದು ನಿಂತು ಬಹುಶಃ ಹ್ಞೂಂ ಅನ್ನುತ್ತಿದ್ದಾನೆ. ಕಂದು ಕುದುರೆಯ ಮೇಲೆ ಅಜ್ಜಿ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾಳೆ, ಕನ್ನಡಕ ಹಣೆಗೇರಿದೆ, ಬಾಯಿ ತೆರೆದಿದೆ. ಇನ್ನೊಂದರ ಮೇಲೆ ಯಾರೋ ಬೆಪ್ಪ ಬೆನ್ನು ತಿರುಗಿಸಿ ಕೂತು ಬ್ರಷ್ಷಿನ ಹಿಡಿಯಿಂದ ತಲೆ ಕೆರೆಯುತ್ತಿದ್ದಾನೆ. ಆ ಬೋಳು ನನ್ನದೇ? ಅಷ್ಟು ದೊಡ್ಡದಾಗಿದೆಯೇ? ಮನೆಯಲ್ಲಿ ಒಬ್ಬರಾದರೂ ಹೇಳಬಾರದಿತ್ತೆ? ಮತ್ತೆ ಪ್ರತಿಯೊಂದು ಚಿತ್ರದಲ್ಲೂ ಏಣಿಯ ಹಿಂದೆಯೋ ಕುರ್ಚಿಯ ಕಾಲಿನ ಮರೆಯಲ್ಲೋ ಎರಡು ಕಿವಿ ಮಾತ್ರ ಕಾಣುವ ಒಂದು ಮೊಲ.

ನಿನ್ನ ಊಹೆ ಅರ್ಧ ನಿಜ. ಅದರ ಮೇಲೆಲ್ಲ ಹೂವು ಬಳಿದುಬಿಡೋಣವೆಂದು ನಾನು ಬಣ್ಣ ತಂದೆ. ಆ ಹೊತ್ತಿನಲ್ಲೇ ಆ ಹಾಳು ಕಾಗದ ಬರೆದದ್ದು. ಮರುದಿನ ಬ್ರಷ್ ಅದ್ದಿಕೊಂಡು ಅಜ್ಜಿಯ ಮುಂದೆ ನಿಂತೆ. ಎಬ್ಬಿಸಿದರೆ ಬೈಯುತ್ತಾಳೆ ಅನ್ನಿಸಿತು. ಕೈ ಮುಂದೆ ಹೋಗಲಿಲ್ಲ. ಹಿಂದಿನಿಂದ ಯಜಮಾನಿ ಬಂದು ನನ್ನ ಬ್ರಷ್ ಕಿತ್ತುಕೊಂಡು, ಒದ್ದೆಯಾಗಿದ್ದಂತೆಯೇ ಕೋಟಿನ ಜೇಬಿಗೆ ಹಾಕಿಕೊಂಡು, ಗುಂಡಿ ಒತ್ತಿದಳು.

ಈ ದೇಶಕ್ಕೆ ಬಂದಮೇಲೆ ಒಂದೂ ಗುರುತಿನ ಮುಖ ಕಂಡಿರಲಿಲ್ಲ ನಾನು. ಈಗ ನಮ್ಮ ಬೀದಿಗೆ ಬೀದಿಯೇ ನನ್ನ ಮುಂದೆ ಹಾದುಹೋಯಿತು. ಹಿತ್ತಿಲು ಹೋಯಿತು, ಹುಂಜ ಹೋಯಿತು, ಅಣ್ಣ ಹೋದ, ಅಜ್ಜಿ ಹೋದಳು, ಮತ್ತೆ ಹಿತ್ತಿಲು ಬಂತು. ನಾನು ಟೋಪಿ ತೆಗೆಯಲು ತಲೆಗೆ ಕೈ ಹಾಕಿದೆ. ಟೋಪಿ ಸಮುದ್ರದಲ್ಲಿತ್ತು.

ಈಗ ಇಲ್ಲಿ ದಿನವೂ ಸಾಲು. ಮಕ್ಕಳು ಮೊಲ ಹುಡುಕಲೆಂದೇ ಮತ್ತೆ ಮತ್ತೆ ಹತ್ತುತ್ತಾರೆ. ಒಬ್ಬ ಮುದುಕ ಅಜ್ಜಿಯ ಕುದುರೆಯೇ ಬೇಕೆಂದು ಬೇರೆಯವರಿಗೆ ಸರದಿ ಬಿಟ್ಟುಕೊಟ್ಟು ಕಾಯುತ್ತಾನೆ. ಇದನ್ನು ಅಜ್ಜಿಗೆ ಓದು.

ಆದರೆ ಕೇಳು. ಕಂಬದ ಮರೆಯಲ್ಲಿರಬೇಕಾದ ಚಿತ್ರಕ್ಕೆ ಒಂದು ಕೋಟ್ ಸಾಕು, ಬಯಲಿನ ಬಿಸಿಲಿಗೆ ಸಾಲದು. ಪ್ರಯಾಣದ ಕುಲುಕಾಟಕ್ಕೆ ನೀಲಿ ಅಲ್ಲಲ್ಲಿ ಚಕ್ಕೆ ಎದ್ದಿದೆ. ಮಳೆ ಹಿಡಿಯುವುದರೊಳಗೆ ತಿದ್ದದಿದ್ದರೆ ನಮ್ಮ ಬೀದಿ ತೊಳೆದುಹೋಗುತ್ತದೆ. ನಾನು ತಿದ್ದಿದರೆ ಅಜ್ಜಿಗೆ ಮೀಸೆ ಬಂದೀತು. ನಡುವಿನ ಕಂಬದ ಸುತ್ತ ಬೋಳು ಹಲಗೆಗಳಿವೆ, ಅವುಗಳ ಮೇಲೆ ಈ ಊರಿನ ಬೀದಿಯನ್ನು ಬರೆಯಲೂ ಅದೇ ಕೈ ಬೇಕೆಂದು ಯಜಮಾನಿ ಕೂತಿದ್ದಾಳೆ.

ನೀನು ಬರಬೇಕು.

ಚಿಕ್ಕಪ್ಪ

ಮೇ ೮

ಚಿಕ್ಕಪ್ಪನವರಿಗೆ,

ನಾನು ಬರುವುದಿಲ್ಲ.

ನಿಮ್ಮ ಕಾಗದ ಓದಿದಮೇಲೆ ನಾನು ಬಾಗಿಲ ಹಿಂದೆ ಕೂತವಳು ಊಟಕ್ಕೂ ಏಳಲಿಲ್ಲ. ಅಷ್ಟು ಜನ! ಅಂಗಡಿಗೆ ಹೋದರೆ ಬೇಕಾದ್ದನ್ನು ಬೆರಳಲ್ಲಿ ತೋರಿಸಿ ಬರುವವಳು ನಾನು. ಹಡಗಿನಲ್ಲಿ ಯಾರಾದರೂ ಮಾತಾಡಿಸಿದರೆ ಏನು ಮಾಡಲಿ?

ಅಜ್ಜಿಯ ಕಥೆ ಬೇರೆ. ಮೊದಲು ನನ್ನ ಮೇಲೆ ಉರಿದುಬಿದ್ದಳು.

"ಬಾಯಿ ತಕ್ಕೊಂಡು ಮಲಗಿರೋದನ್ನ ಬರ್ದಿದ್ದೀಯಾ? ಹಲ್ಲು ಎಷ್ಟು ಬರ್ದೆ?"

"ಇದ್ದಷ್ಟು, ಅಜ್ಜಿ."

"ಇದ್ದಷ್ಟೇ ಯಾಕೆ ಬರ್ದೆ? ಇನ್ನೆರಡು ಸೇರಿಸಿದ್ರೆ ನಿನ್ನ ಬಣ್ಣ ಖರ್ಚಾಗ್ತಿತ್ತಾ?"

ಆದರೆ ಮರುದಿನ ಬೆಳಿಗ್ಗೆ ಬೀದಿಯ ಕೊನೆಯ ಮನೆಯವರೆಗೂ ಹೋಗಿ, ಪರದೇಶದ ಮುದುಕನೊಬ್ಬ ತನಗಾಗಿ ಸಾಲಿನಲ್ಲಿ ಕಾಯುತ್ತಿದ್ದಾನೆಂದು ಹೇಳಿಬಂದಳು. ಎದುರು ಮನೆಯವರು ಹುಂಜಕ್ಕೆ ಕಾಳು ಹೆಚ್ಚು ಹಾಕುತ್ತಿದ್ದಾರೆ. ಸಂಜೆಯ ಹೊತ್ತಿಗೆ ಅಜ್ಜಿ ಟ್ರಂಕು ಇಳಿಸಿ ಧೂಳು ಕೊಡವುತ್ತಿದ್ದಳು.

"ಎಲ್ಲಿಗೆ ಅಜ್ಜಿ?"

"ನನ್ನ ಬಾಯಿ ನಾನು ನೋಡ್ಬೇಕು. ನೀನು ಬಂದ್ರೆ ಬಾ, ಬಿಟ್ರೆ ಬಿಡು."

ಅಪ್ಪ ರಾತ್ರಿಯೆಲ್ಲ ಕಾರ್ಖಾನೆಯಲ್ಲಿ ಉಳಿ ಹಿಡಿದು ಕೂತರು. ಬೆಳಗಾಗುವಾಗ ನನ್ನ ಹಾಸಿಗೆಯ ಪಕ್ಕದಲ್ಲಿ ಬ್ರಷ್ಷುಗಳಿಡಲು ಹೊಸ ಮರದ ಪೆಟ್ಟಿಗೆ ಇತ್ತು. ಮುಚ್ಚಳದ ಮೇಲೆ ಎರಡು ಕಿವಿ ಕೆತ್ತಿದ್ದರು. ಕಾರ್ಖಾನೆ ನೋಡಿಕೊಳ್ಳಲು ತಾನಿದ್ದೇನೆ ಎಂದು ಅರ್ಥವಂತೆ, ಅಜ್ಜಿ ಬಿಡಿಸಿ ಹೇಳಿದಳು.

ಅಜ್ಜಿಯನ್ನು ಒಬ್ಬಳೇ ಹೇಗೆ ಕಳಿಸಲಿ? ಆದ್ದರಿಂದ ಬರುತ್ತಿದ್ದೇನೆ. ಆದರೆ ಒಂದು ಷರತ್ತು. ನೀವು ನನ್ನ ಪಕ್ಕ ಬಿಟ್ಟು ಕದಲಬಾರದು. ಮಾತೆಲ್ಲ ನೀವೇ ಆಡಬೇಕು. ನಾನು ನಿಮ್ಮ ಬೆನ್ನ ಹಿಂದೆ ನಿಂತು ಬಳಿಯುತ್ತೇನೆ.

ನಿಮ್ಮ ಮೊಲ

ಮೇ ೨೨

ಮೊಲವೇ,

ನಿನ್ನ ಷರತ್ತು ಓದಿದೆ. ಚೆನ್ನಾಗಿ ಬರೆದಿದ್ದೀಯ.

ಹಡಗಿನಲ್ಲಿ ಮೇಲಿನ ಮಂಚ ಅಜ್ಜಿಗೆ ಬೇಡ. ರೈಲಿನಲ್ಲಿ ಟಿಕೆಟ್ ನೋಡುವವನು ಉದ್ದ ಮೂಗಿನವನಾದರೆ ಅವನ ಮುಂದೆ ಒಮ್ಮೆ ಕೆನೆ, ಜಾಗ ಕೊಡಿಸುತ್ತಾನೆ. ಬೀಗದ ಕೈ ಎಡಕ್ಕೆ. ದಾರಿ ತಪ್ಪಿದರೆ ಹಸಿರು ಬಾಗಿಲು ತಟ್ಟು. ನಿಲ್ದಾಣದಲ್ಲಿ ನಿಮ್ಮನ್ನು ಕರೆದೊಯ್ಯಲು ಒಬ್ಬರು ಖಂಡಿತ ಬಂದಿರುತ್ತಾರೆ.

ಹವೆ ಚೆನ್ನಾಗಿದೆ.

ಚಿಕ್ಕಪ್ಪ

ಜುಲೈ ೧೪

ಚಿಕ್ಕಪ್ಪ,

ಹವೆ ಚೆನ್ನಾಗಿದೆ ಎಂದು ಓದಿದಾಗಲೇ ನನಗೆ ಗೊತ್ತಾಗಬೇಕಿತ್ತು. ನೀವು ಮೋಸಗಾರರು. ನಾವು ಬರುವ ಒಂದು ವಾರ ಮುಂಚೆಯೇ ಬೇರೆ ಊರಿನ ಕೆಲಸ ಹಿಡಿದು ಹೊರಟುಹೋಗಿದ್ದೀರಿ! ನಿಮ್ಮ ಹೊಸ ವಿಳಾಸವನ್ನು ಯಜಮಾನಿ ಕೊಟ್ಟಳು. ಅಜ್ಜಿ ಹೆಣೆದ ಟೋಪಿಯನ್ನು ಇದರ ಜೊತೆಗೇ ಕಳಿಸಿದ್ದೇನೆ. ದಾರವನ್ನು ಬಿಗಿಯಾಗಿ ಕಟ್ಟಿಕೊಳ್ಳಿ.

ಹಡಗಿನಲ್ಲಿ ನಾನು ಎರಡು ದಿನ ಹೊದಿಕೆಯೊಳಗೇ ಇದ್ದೆ. ಅಜ್ಜಿ ಮಾತ್ರ ಮೊದಲ ಮಧ್ಯಾಹ್ನವೇ ಪಕ್ಕದ ಕೋಣೆಯ ಮುದುಕಿಯ ಸ್ನೇಹ ಮಾಡಿ, ತನ್ನ ಮಂಡಿನೋವಿನ ಕಥೆ ಹೇಳಿದಳು. ಆಕೆ ತನ್ನ ಭಾಷೆಯಲ್ಲಿ ಸೊಂಟನೋವಿನ ಕಥೆ ಹೇಳಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೂರನೆಯ ದಿನ ನಾನೂ ಮೇಲೆ ಬಂದು ಕೂತೆ. ಆಕೆ ನನ್ನನ್ನು ಏನೋ ಕೇಳಿದಳು. ಕಾಗದದ ಮೇಲೆ ಅಜ್ಜಿಯ ಮಂಡಿ ಬರೆದು, ಅದರೊಳಗೆ ಒಂದು ಸಿಟ್ಟಿನ ಬೆಕ್ಕನ್ನು ಬರೆದು ತೋರಿಸಿದೆ. ಆಕೆ ತನ್ನ ಸೊಂಟ ಮುಂದೆ ಮಾಡಿ, ಇದಕ್ಕೂ ಒಂದು ಬರಿ ಎಂದಳು. ಹಾಗೆಂದೇ ನನಗೆ ಅರ್ಥವಾಯಿತು.

ಒಂದು ವಿಷಯ ನೀವು ನನಗೆ ಬರೆಯಲೇ ಇಲ್ಲ. ಮನೆಯಲ್ಲಿ ನಾನು ಸುಮ್ಮನಿದ್ದರೆ ನಾಚಿಕೆಯ ಹುಡುಗಿ ಅನ್ನುತ್ತಾರೆ. ಇಲ್ಲಿ ಸುಮ್ಮನಿದ್ದರೆ ಭಾಷೆ ಬಾರದವಳು ಅಂದುಕೊಳ್ಳುತ್ತಾರೆ, ಅಷ್ಟೆ. ಇಲ್ಲಿಗೆ ಬಂದವರೆಲ್ಲ ಅಂಗಡಿಯಲ್ಲಿ ನನ್ನ ಹಾಗೆ ಬೆರಳು ತೋರಿಸುವವರೇ. ಈ ಕೆಲಸದಲ್ಲಿ ನನಗೆ ಬಹಳ ವರ್ಷದ ಅಭ್ಯಾಸ. ಮೊದಲ ದಿನವೇ ಸೋಪು, ದಾರ, ಮೊಟ್ಟೆ ಎಲ್ಲ ತಂದೆ.

ನಿಲ್ದಾಣದಲ್ಲಿ ಯಜಮಾನಿ ಒಂದು ರಟ್ಟು ಎತ್ತಿ ಹಿಡಿದು ನಿಂತಿದ್ದಳು. ಅದರ ಮೇಲೆ ಅಕ್ಷರವಿರಲಿಲ್ಲ, ಎರಡು ಕಿವಿ ಮಾತ್ರ. ನೇರ ಉದ್ಯಾನಕ್ಕೆ ಕರೆದೊಯ್ದಳು. ಗಿರಗಿಟ್ಲೆಯ ಮುಂದೆ ನೀವು ಬರೆದಂತೆಯೇ ಸಾಲು. ನಾನು ಅಜ್ಜಿಯ ಬೆನ್ನ ಹಿಂದೆ ಸರಿದೆ.

ಜನ ಅಜ್ಜಿಯನ್ನು ನೋಡಿದರು, ಕುದುರೆ ನೋಡಿದರು, ಮತ್ತೆ ಅಜ್ಜಿಯನ್ನು ನೋಡಿದರು. ಸಾಲೆಲ್ಲ ಒಮ್ಮೆಲೇ ಮಾತಾಡತೊಡಗಿತು. ಅಜ್ಜಿಗೆ ಇನ್ನೇನು ಬೇಕು? ಕನ್ನಡಕ ಹಣೆಗೇರಿಸಿ, ಅಲ್ಲೇ ಬೆಂಚಿನ ಮೇಲೆ ಕೂತು, ಬಾಯಿ ತೆರೆದು ಗೊರಕೆ ಹೊಡೆದು ತೋರಿಸಿದಳು. ಚಪ್ಪಾಳೆಯೋ ಚಪ್ಪಾಳೆ! ನೀವು ಬರೆದ ಆ ಮುದುಕ ಮುಂದೆ ಬಂದು ತನ್ನ ಸರದಿ ಬಿಟ್ಟುಕೊಟ್ಟು, ಅಜ್ಜಿಯನ್ನು ಅಜ್ಜಿಯ ಮೇಲೆಯೇ ಕೂರಿಸಿದ.

"ಹಲ್ಲು ಕಡಿಮೆಯಾಯ್ತು ಅಂತ ಹೇಳಿದ್ನಲ್ಲ!" ಎಂದು ಅಜ್ಜಿ ಮೇಲಿನಿಂದ ಕೂಗುತ್ತ ಸುತ್ತು ಹೋದಳು.

ಅಜ್ಜಿ ಹೋದಮೇಲೆ ನನ್ನ ಮುಂದೆ ಮರೆಯಿರಲಿಲ್ಲ. ಮೂರು ಹಲ್ಲು ಬಿದ್ದ ಒಬ್ಬ ಚಿಕ್ಕ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಪೆಟ್ಟಿಗೆ ನೋಡಿದಳು, ಮುಚ್ಚಳದ ಮೇಲಿನ ಕಿವಿ ನೋಡಿದಳು. ಆಮೇಲೆ ಎರಡು ಬೆರಳನ್ನು ತನ್ನ ತಲೆಯ ಮೇಲೆ ಕಿವಿಯಂತೆ ನಿಲ್ಲಿಸಿದಳು. ಅವಳ ಹಿಂದಿನ ಹುಡುಗನೂ ನಿಲ್ಲಿಸಿದ. ಅವನ ತಾಯಿಯೂ ನಿಲ್ಲಿಸಿದಳು. ಸಾಲಿನ ತುದಿಯವರೆಗೂ ಕಿವಿಗಳು ಎದ್ದವು. ನನ್ನನ್ನು ಅಣಕಿಸುತ್ತಿದ್ದಾರೆಂದುಕೊಂಡು ಓಡಲು ತಿರುಗಿದೆ. ತಿರುಗಿದರೆ ಯಜಮಾನಿ, ಅಷ್ಟು ದಪ್ಪ ಹೆಂಗಸು, ಎರಡು ಕೈಯಲ್ಲೂ ಸ್ಪ್ಯಾನರ್ ಹಿಡಿದು ಅವನ್ನೇ ಕಿವಿ ಮಾಡಿಕೊಂಡು ನಿಂತಿದ್ದಳು. ಅವಳ ಮುಖ ನೋಡಿದಮೇಲೆ ಗೊತ್ತಾಯಿತು. ಇದು ಅಣಕವಲ್ಲ. ಅವರು ಇಷ್ಟು ದಿನ ಹುಡುಕುತ್ತಿದ್ದ ಮೊಲ ಕೊನೆಗೂ ಸಿಕ್ಕಿತ್ತು.

ಪೆಟ್ಟಿಗೆ ಕೆಳಗಿಟ್ಟು ನಾನೂ ಎರಡು ಬೆರಳು ಎತ್ತಿದೆ.

ಈಗ ನೀಲಿ ತಿದ್ದಿ ಮುಗಿದಿದೆ, ವಾರ್ನಿಷ್ ಮೂರು ಕೋಟ್ ಆಗಿದೆ. ನಿನ್ನೆ ಮೊದಲ ಮಳೆ ಬಿತ್ತು. ಅಜ್ಜಿ ಕೊಡೆ ಹಿಡಿದು ಹೋಗಿ ತನ್ನ ಬಾಯಿ ಮುಟ್ಟಿ ನೋಡಿ, "ಏನೂ ಆಗಿಲ್ಲ" ಎಂದಳು. ಕಂಬದ ಹಲಗೆಗಳ ಮೇಲೆ ಈ ಊರಿನ ಬೀದಿ ಶುರುಮಾಡಿದ್ದೇನೆ. ಹಸಿರು ಬಾಗಿಲುಗಳ ಓಣಿ ಆಯಿತು, ಅದರಲ್ಲಿ ಬೀಗದ ಕೈ ಹಿಡಿದು ನಿಂತ ಒಬ್ಬ ಬೋಳುತಲೆಯ ಕಳ್ಳನೂ ಆದ. ಹಗಲು ಹೊತ್ತಿನಲ್ಲೇ ಬಳಿಯುತ್ತೇನೆ. ಜನ ನಿಂತು ನೋಡುತ್ತಾರೆ. ಆಗ ಗೆರೆ ಸ್ವಲ್ಪ ಸೊಟ್ಟಗಾಗುತ್ತದೆ. ಸೊಟ್ಟಗಾದ ಕಡೆ ಪಾರಿವಾಳ ಬರೆದುಬಿಡುತ್ತೇನೆ.

ಬೆಳಿಗ್ಗೆ ಜನ ಬರುವ ಮುಂಚೆ ಕಂಬದ ಕಡೆಗೆ ಹೋಗಿ ನಿಮ್ಮ ಚಿನ್ನದ ಹೂವುಗಳ ಮೇಲಿನ ಎಣ್ಣೆ ಒರೆಸುತ್ತೇನೆ. ನನ್ನ ಹಳೆಯ ಜಾಗವಲ್ಲವೇ, ಬಿಟ್ಟಿರಲಾಗುವುದಿಲ್ಲ. ಅಲ್ಲಿ ಕಂದು ಕುದುರೆಯ ಕೊರಳಿನ ದೊಡ್ಡ ಹೂವಿನ ಹಿಂದೆ, ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ನೀವು ಬರೆದುಹೋದ ಬೋಳುತಲೆಯ ಮೊಲವೂ ನನಗೆ ಸಿಕ್ಕಿತು.

ನೀವೀಗ ಇರುವ ಊರಿನ ಗಿರಗಿಟ್ಲೆ ಯಾವ ಕಡೆಗೆ ತಿರುಗುತ್ತದೆಂದು ನೀವು ಕೇಳಿ ಬರೆಯುವುದು ಬೇಡ. ಅಪ್ಪನಿಗೆ ಕಾಗದ ಹಾಕಿದ್ದೇನೆ, ಬೂದು ಬಳಿದ ಕುದುರೆಯನ್ನು ಉಜ್ಜಿ ಇಟ್ಟಿರಿ ಎಂದು. ಇನ್ನುಮೇಲೆ ಎರಡೂ ಮಗ್ಗುಲಿಗೆ ಮೂರು ಮೂರು ಕೋಟ್ ಹೊಡೆದೇ ಕಳಿಸೋಣ.

ನಿಮ್ಮ ಮೊಲ